ವರ್ತನಾಧಾರಿತ ಸಂದರ್ಶನದ ಸಿದ್ಧತೆ: ಆರು ವಾರಗಳ ದಾಖಲೆ

ಮೊದಲ ವಾರ

ಹಿಂದಿನ ಸಂದರ್ಶನದಲ್ಲಿ "ಸಹೋದ್ಯೋಗಿಯೊಬ್ಬರೊಂದಿಗೆ ಭಿನ್ನಾಭಿಪ್ರಾಯ ಬಂದ ಒಂದು ಸಂದರ್ಭವನ್ನು ಹೇಳಿ" ಎಂದು ಕೇಳಿದಾಗ, ನನ್ನ ಉತ್ತರ "ಸಾಮಾನ್ಯವಾಗಿ ನಾನು ಎಲ್ಲರ ಮಾತನ್ನೂ ಕೇಳಿಸಿಕೊಳ್ಳುತ್ತೇನೆ" ಎಂದು ಆರಂಭವಾಗಿ, ಅಲ್ಲಿಯೇ ಸುತ್ತಿ ಮುಗಿದುಹೋಗಿತ್ತು. ಸಂದರ್ಶಕರು "ಒಂದು ನಿರ್ದಿಷ್ಟ ಸಂದರ್ಭ" ಎಂದು ಎರಡನೆಯ ಸಲ ಒತ್ತಿ ಕೇಳಿದರೂ ನನಗೆ ಒಂದೂ ಹೊಳೆಯಲಿಲ್ಲ. ಹನ್ನೊಂದು ವರ್ಷ ತಂಡಗಳಲ್ಲಿ ದುಡಿದವನಿಗೆ ಒಂದು ಜಟಾಪಟಿಯೂ ನೆನಪಾಗದಿದ್ದರೆ ಅದನ್ನು ಯಾರು ತಾನೇ ನಂಬುತ್ತಾರೆ? ಆದ್ದರಿಂದ ಈ ಬಾರಿ ಸಿದ್ಧತೆಯನ್ನೇ ಒಂದು ಯೋಜನೆಯಂತೆ ನಡೆಸಿ, ವಾರವಾರವೂ ಬರೆದಿಡುತ್ತಿದ್ದೇನೆ.

ಮೊದಲು ಈ ಬಗೆಯ ಪ್ರಶ್ನೆಗಳ ಹಿಂದಿನ ತರ್ಕವನ್ನು ಓದಿಕೊಂಡೆ. ಜಾನ್ ಫ್ಲ್ಯಾನಗನ್ ಎಂಬ ಮನಶ್ಶಾಸ್ತ್ರಜ್ಞರು ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಯ ವಿಮಾನದಳಕ್ಕಾಗಿ ಕೆಲಸ ಮಾಡುತ್ತಿದ್ದಾಗ ರೂಪುಗೊಂಡ ಒಂದು ವಿಧಾನವನ್ನು 1954ರಲ್ಲಿ ವಿವರವಾಗಿ ಪ್ರಕಟಿಸಿದರು. ಒಬ್ಬ ವ್ಯಕ್ತಿಯ ಬಗ್ಗೆ ಅಭಿಪ್ರಾಯ ಕೇಳುವ ಬದಲು, ನಿಜವಾಗಿ ನಡೆದ ಒಂದು ಘಟನೆಯಲ್ಲಿ ಆ ವ್ಯಕ್ತಿ ಏನು ಮಾಡಿದ, ಅದರಿಂದ ಏನಾಯಿತು ಎಂದು ಕೇಳುವುದು ಅದರ ತಿರುಳು. ಮುಂದೆ 1980ರಲ್ಲಿ ಗ್ಯಾರಿ ಲೇಥಮ್ ಮತ್ತು ಅವರ ಸಂಗಡಿಗರು "ಹೀಗಾದರೆ ಏನು ಮಾಡುವಿರಿ" ಎಂಬ ಬಗೆಯ ಪ್ರಶ್ನೆಗಳನ್ನೂ, 1982ರಲ್ಲಿ ಟಾಮ್ ಜಾನ್ಜ್ ಅವರು "ಹೀಗಾದಾಗ ಏನು ಮಾಡಿದಿರಿ" ಎಂಬ ಬಗೆಯ ಪ್ರಶ್ನೆಗಳನ್ನೂ ಕುರಿತು ಅಧ್ಯಯನಗಳನ್ನು ಪ್ರಕಟಿಸಿದರು. "ಮಾಡುವಿರಿ" ಮತ್ತು "ಮಾಡಿದಿರಿ" ಎಂಬ ಎರಡು ಕ್ರಿಯಾಪದಗಳ ನಡುವಿನ ಅಂತರದಲ್ಲಿಯೇ ನಾನು ಬಿದ್ದದ್ದು. ಅವರು ಭೂತಕಾಲದಲ್ಲಿ ಕೇಳಿದ್ದಕ್ಕೆ ನಾನು ನನ್ನ ಅಭ್ಯಾಸವನ್ನು ವರ್ಣಿಸಿ ಕುಳಿತಿದ್ದೆ.

ನೆನಪನ್ನೇ ನಂಬಿ ಕುಳಿತರೆ ಈಚಿನ ಎರಡು ಮೂರು ಘಟನೆಗಳಷ್ಟೇ ಕೈಗೆ ಸಿಗುತ್ತವೆ ಎಂಬುದು ಮೊದಲ ದಿನವೇ ತಿಳಿಯಿತು. ಹೀಗಾಗಿ ಹಳೆಯ ಕ್ಯಾಲೆಂಡರನ್ನೂ, ವಾರ್ಷಿಕ ಮೌಲ್ಯಮಾಪನಕ್ಕೆಂದು ನಾನೇ ಬರೆದುಕೊಂಡಿದ್ದ ಟಿಪ್ಪಣಿಗಳನ್ನೂ ತಿರುವಿಹಾಕಿ, ಗ್ರಾಹಕರ ಹೆಸರಾಗಲಿ ಕಚೇರಿಯ ಕಡತವಾಗಲಿ ಬರದಂತೆ, ಪ್ರತಿ ಘಟನೆಯನ್ನೂ ಒಂದೇ ಸಾಲಿನಲ್ಲಿ ನೋಟ್‌ಬುಕ್ಕಿಗೆ ಇಳಿಸಿದೆ. ವಾರದ ಕೊನೆಗೆ 31 ಸಾಲುಗಳಾದವು.

ಎರಡನೆಯ ವಾರ

ಮೂವತ್ತೊಂದರಲ್ಲಿ ಹದಿನಾಲ್ಕನ್ನು ಉಳಿಸಿಕೊಂಡು, ಬಹಳ ಬಳಕೆಯಲ್ಲಿರುವ 'ಸ್ಟಾರ್' ಚೌಕಟ್ಟಿಗೆ ಅವುಗಳನ್ನು ಒಗ್ಗಿಸಲು ಆರಂಭಿಸಿದೆ. ಸನ್ನಿವೇಶ, ಹೊಣೆ, ಕ್ರಿಯೆ, ಫಲಿತಾಂಶ ಎಂಬ ನಾಲ್ಕು ಭಾಗಗಳು ಅದರಲ್ಲಿವೆ. ಬರೆದಾಗ ಎಲ್ಲವೂ ಅಚ್ಚುಕಟ್ಟಾಗಿ ಕಂಡಿತು. ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಕೇಳಿದಾಗ ಭ್ರಮೆ ಹರಿಯಿತು. ಮೊದಲ ಉತ್ತರ 4 ನಿಮಿಷ 40 ಸೆಕೆಂಡು ಹಿಡಿದಿತ್ತು. ಅದರಲ್ಲಿ 2 ನಿಮಿಷ 50 ಸೆಕೆಂಡು ಬರೀ ಸನ್ನಿವೇಶಕ್ಕೇ ಹೋಗಿತ್ತು, ಅಂದರೆ ನಾನು ಏನು ಮಾಡಿದೆ ಎಂಬ ಮಾತು ಬರುವ ಹೊತ್ತಿಗೆ ಕೇಳುವವರು ನಾಲ್ಕು ವಿಭಾಗಗಳ ಹೆಸರನ್ನೂ ಒಂದು ತಂತ್ರಾಂಶದ ಪೂರ್ವೇತಿಹಾಸವನ್ನೂ ತಲೆಯಲ್ಲಿ ಹೊತ್ತುಕೊಂಡಿರಬೇಕಿತ್ತು.

ಎರಡು ನಿಮಿಷ ಮೀರಬಾರದು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕ್ರಿಯೆಗೇ ಸಲ್ಲಬೇಕು ಎಂದು ನಿಯಮ ಹಾಕಿಕೊಂಡೆ. ಸನ್ನಿವೇಶವನ್ನು ಎರಡು ವಾಕ್ಯಗಳಿಗೆ ಇಳಿಸುವುದು ಊಹಿಸಿದ್ದಕ್ಕಿಂತ ಕಷ್ಟದ ಕೆಲಸವಾಗಿತ್ತು, ಏಕೆಂದರೆ ಹಿನ್ನೆಲೆಯ ಪ್ರತಿಯೊಂದು ವಿವರವೂ ನನಗೆ ಅನಿವಾರ್ಯವೆನಿಸುತ್ತಿತ್ತು. "ಈ ವಿವರವಿಲ್ಲದಿದ್ದರೆ ನನ್ನ ನಿರ್ಧಾರ ಅರ್ಥವಾಗುವುದಿಲ್ಲವೇ?" ಎಂದು ಒಂದೊಂದನ್ನೇ ಪ್ರಶ್ನಿಸಿದಾಗ ಹೆಚ್ಚಿನವು ತಾವಾಗಿಯೇ ಉದುರಿದವು.

ಮೂರನೆಯ ವಾರ

ಗೆಳೆಯರೊಬ್ಬರು ಸಂದರ್ಶಕರ ಪಾತ್ರ ವಹಿಸಲು ಒಪ್ಪಿದರು. ಇಪ್ಪತ್ತು ನಿಮಿಷಗಳ ಅಣಕು ಸಂದರ್ಶನದಲ್ಲಿ ಅವರು ಏಳು ಬಾರಿ ಒಂದೇ ಮಾತು ಕೇಳಿದರು: "ಸರಿ, ಅದರಲ್ಲಿ ನೀವೇನು ಮಾಡಿದಿರಿ?"

ರೆಕಾರ್ಡಿಂಗನ್ನು ಅಕ್ಷರಕ್ಕಿಳಿಸಿ ಕ್ರಿಯಾಪದಗಳಿಗೆಲ್ಲ ಅಡಿಗೆರೆ ಎಳೆದೆ. ನಮ್ಮ ಭಾಷೆಯಲ್ಲಿ ಮಾಡಿದವರು ಯಾರೆಂಬುದನ್ನು ಕ್ರಿಯಾಪದದ ಕೊನೆಯೇ ಹೇಳಿಬಿಡುತ್ತದೆಯಾದ್ದರಿಂದ ಲೆಕ್ಕ ಹಾಕುವುದು ಸುಲಭವಾಯಿತು. ನಲವತ್ತೆರಡು ಕ್ರಿಯಾಪದಗಳಲ್ಲಿ "ಮಾಡಿದೆವು", "ತೀರ್ಮಾನಿಸಿದೆವು" ಎಂಬಂಥವು ಹತ್ತೊಂಬತ್ತು. "ಬದಲಾಯಿಸಲಾಯಿತು", "ತಿಳಿಸಲಾಯಿತು" ಎಂದು ಕರ್ತೃವೇ ಮಾಯವಾದವು ಹದಿನಾಲ್ಕು. "ಮಾಡಿದೆ" ಎಂದು ನೇರವಾಗಿ ನನ್ನನ್ನು ತೋರಿಸುವವು ಒಂಬತ್ತೇ ಒಂಬತ್ತು. ಕಚೇರಿಯ ಪತ್ರಗಳನ್ನು ಬರೆದು ಬರೆದು "ಲಾಯಿತು" ನನ್ನ ನಾಲಿಗೆಗೂ ಹತ್ತಿಕೊಂಡಿದೆಯೆಂದು ಕಾಣುತ್ತದೆ.

ಎಲ್ಲವನ್ನೂ "ನಾನು ಮಾಡಿದೆ" ಎಂದು ತಿದ್ದಿದರೆ ಅದು ಸುಳ್ಳಾಗುತ್ತದೆ ಎಂಬುದೇ ನಿಜವಾದ ತೊಡಕು. ಕೊನೆಗೆ ಪ್ರತಿಯೊಂದು "ಮಾಡಿದೆವು"ವನ್ನೂ ಬಿಡಿಸಿ ನೋಡಿದೆ. "ಹೊಸ ಪದ್ಧತಿಯನ್ನು ಜಾರಿಗೆ ತಂದೆವು" ಎಂಬುದು "ಪದ್ಧತಿಯ ಕರಡನ್ನು ನಾನು ಬರೆದೆ, ತಂಡದ ಮುಖ್ಯಸ್ಥರು ಅದಕ್ಕೆ ಒಪ್ಪಿಗೆ ಪಡೆದರು, ಇಬ್ಬರು ಸಹೋದ್ಯೋಗಿಗಳು ಪರೀಕ್ಷಿಸಿದರು" ಎಂದಾಯಿತು. ಹೀಗೆ ಬಿಡಿಸಿದ ಮೇಲೆ ಐದು ಘಟನೆಗಳಲ್ಲಿ ನನ್ನದೆನ್ನುವಂಥದ್ದು ಏನೂ ಉಳಿಯಲಿಲ್ಲವಾಗಿ ಅವುಗಳನ್ನು ಕೈಬಿಟ್ಟೆ. ಹದಿನಾಲ್ಕು ಒಂಬತ್ತಾದವು.

ನಾಲ್ಕನೆಯ ವಾರ

"ನೀವು ಸೋತ ಒಂದು ಸಂದರ್ಭ" ಎಂಬ ಪ್ರಶ್ನೆಗೆ ಇಡೀ ವಾರ ಹೋಯಿತು. ಮೊದಲು ಬರೆದದ್ದು, ಕೆಲಸವನ್ನು ಅತಿಯಾಗಿ ತಿದ್ದುತ್ತ ಕುಳಿತು ಗಡುವು ಮೀರಿದ ಕಥೆ. ಗುಣವನ್ನೇ ದೋಷದ ವೇಷದಲ್ಲಿ ಮೆರೆಸುವ ಇಂಥ ಉತ್ತರಗಳನ್ನು ಸಂದರ್ಶಕರು ನೂರಾರು ಬಾರಿ ಕೇಳಿರುತ್ತಾರೆ. ಬರೆಯುವಾಗ ನನಗೇ ನಾಚಿಕೆಯೆನಿಸಿತು.

ನಿಜವಾದ ಸೋಲು ಬೇರೆಯೇ ಇತ್ತು. ದತ್ತಾಂಶವನ್ನು ಹಳೆಯ ಸರ್ವರಿನಿಂದ ಹೊಸದಕ್ಕೆ ವರ್ಗಾಯಿಸುವಾಗ ಬ್ಯಾಕಪ್ ಇದೆಯೆಂದು ನೋಡಿದ್ದೆನೇ ಹೊರತು, ಆ ಬ್ಯಾಕಪ್‌ನಿಂದ ಮಾಹಿತಿಯನ್ನು ಮರಳಿ ಪಡೆಯಬಹುದೇ ಎಂದು ಪರೀಕ್ಷಿಸಿರಲಿಲ್ಲ. ಸುಮಾರು ನಾನೂರು ದಾಖಲೆಗಳಲ್ಲಿ ದಿನಾಂಕಗಳು ಅಳಿಸಿಹೋದವು, ಬ್ಯಾಕಪ್ ತೆರೆಯಲಿಲ್ಲ, ಮೂವರು ಎರಡು ದಿನ ಕುಳಿತು ಕಾಗದದ ಪ್ರತಿಗಳಿಂದ ಅವನ್ನು ಮತ್ತೆ ತುಂಬಬೇಕಾಯಿತು. ಇದನ್ನು ಹೇಳಿದರೆ ಕೆಲಸ ಸಿಗುವುದೇ ಎಂಬ ಅಳುಕು ಈಗಲೂ ಇದೆ. ಆದರೆ ಹೇಳಿ ನೋಡಿದಾಗ ಕಥೆಯ ದೌರ್ಬಲ್ಯ ತಪ್ಪಿನಲ್ಲಿ ಇರಲಿಲ್ಲ. "ಇದರಿಂದ ಎಚ್ಚರಿಕೆ ಕಲಿತೆ" ಎಂಬ ಕೊನೆಯ ವಾಕ್ಯದಲ್ಲಿತ್ತು. ಕಲಿತೆ ಎಂದರೆ ಯಾರು ನಂಬಬೇಕು? ಅದಕ್ಕೆ ಮುಂದಿನದೊಂದು ಘಟನೆಯೇ ಸಾಕ್ಷಿಯಾಗಬೇಕು. ಎಂಟು ತಿಂಗಳ ಬಳಿಕ ನಡೆದ ಇನ್ನೊಂದು ವರ್ಗಾವಣೆಯಲ್ಲಿ ನಾನು ಮೊದಲೇ ಬ್ಯಾಕಪ್ಪನ್ನು ಬೇರೊಂದು ಯಂತ್ರದಲ್ಲಿ ತೆರೆದು ನೋಡಿ, ಅದು ಅಪೂರ್ಣವಾಗಿರುವುದನ್ನು ಕಂಡು, ಕೆಲಸವನ್ನು ಒಂದು ದಿನ ಮುಂದೂಡಿದ್ದೆ. ಆ ಎರಡು ವಾಕ್ಯಗಳು ಸೇರಿದ ಮೇಲೆ ಉತ್ತರಕ್ಕೆ ಬೆನ್ನೆಲುಬು ಬಂದಿತು.

ಅಂಕಿಗಳ ವಿಚಾರದಲ್ಲಿಯೂ ಒಂದು ತಿದ್ದುಪಡಿ ಮಾಡಿದೆ. "ದೂರುಗಳ ವಿಲೇವಾರಿಯ ಸಮಯವನ್ನು ಅರ್ಧಕ್ಕಿಂತ ಹೆಚ್ಚು ಇಳಿಸಿದೆ" ಎಂದು ಬರೆದುಕೊಂಡಿದ್ದೆ. ಟಿಪ್ಪಣಿಗಳನ್ನು ನೋಡಿದರೆ ಹನ್ನೊಂದು ದಿನ ನಾಲ್ಕಕ್ಕೆ ಇಳಿದದ್ದು ನಿಜ, ಆದರೆ ಅದೇ ತಿಂಗಳು ತಂಡಕ್ಕೆ ಒಬ್ಬರು ಹೊಸಬರು ಸೇರಿದ್ದರು. ಈಗ ಉತ್ತರದಲ್ಲಿ ಆ ಮಾತನ್ನೂ ಸೇರಿಸಿದ್ದೇನೆ. ಕೆದಕಿ ಕೇಳುವವರ ಮುಂದೆ ಅದು ತಾನಾಗಿ ಹೊರಬೀಳುವುದಕ್ಕಿಂತ ನಾನೇ ಹೇಳುವುದು ಮೇಲು.

ಐದನೆಯ ವಾರ

ಒಂಬತ್ತು ಘಟನೆಗಳನ್ನು ಒಂದು ಕೋಷ್ಟಕದಲ್ಲಿ ಅಡ್ಡಸಾಲಾಗಿಯೂ, ಭಿನ್ನಾಭಿಪ್ರಾಯ, ಸೋಲು, ಗಡುವು, ಅಧಿಕಾರವಿಲ್ಲದೆ ಒಪ್ಪಿಸುವುದು, ಅಸ್ಪಷ್ಟ ಸೂಚನೆ ಮುಂತಾದ ಪ್ರಶ್ನೆಗಳ ಬಗೆಗಳನ್ನು ಲಂಬಸಾಲಾಗಿಯೂ ಇಟ್ಟು ಗುರುತು ಹಾಕಿದೆ. ಭಿನ್ನಾಭಿಪ್ರಾಯಕ್ಕೆ ಒಂದೇ ಗುರುತು ಬಿದ್ದಿದೆ. ಪೂರ್ಣ ಪಾಠವನ್ನು ಬಾಯಿಪಾಠ ಮಾಡುವುದನ್ನು ನಿಲ್ಲಿಸಿದ್ದೇನೆ, ಏಕೆಂದರೆ ನಡುವೆ ಯಾರಾದರೂ ಪ್ರಶ್ನೆ ಕೇಳಿದರೆ ಕೊಂಡಿ ಕಳಚಿ ಮತ್ತೆ ಮೊದಲಿನಿಂದ ಹೇಳಬೇಕಾಗುತ್ತಿತ್ತು. ಪ್ರತಿ ಘಟನೆಗೆ ಒಂದು ಕಾರ್ಡು, ಅದರಲ್ಲಿ ಮೊದಲ ವಾಕ್ಯ, ಅಂಕಿಗಳು ಮತ್ತು ಕೊನೆಯ ವಾಕ್ಯ ಇಷ್ಟೇ.

ಈ ಕಸರತ್ತೆಲ್ಲ ಏಕೆ ಎಂದು ಬೇಸರ ಬಂದಾಗ ಒಂದು ವಿಷಯ ಸಮಾಧಾನ ಕೊಟ್ಟಿತು. ನೇಮಕಾತಿ ವಿಧಾನಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು 2022ರಲ್ಲಿ ಪ್ರಕಟಿಸಿದ ಮರುವಿಶ್ಲೇಷಣೆಯಲ್ಲಿ, ಎಲ್ಲರಿಗೂ ಒಂದೇ ಪ್ರಶ್ನೆಗಳನ್ನು ಕೇಳಿ ಒಂದೇ ಅಳತೆಯಲ್ಲಿ ಅಂಕ ನೀಡುವ ಸಂದರ್ಶನಗಳೇ ಮುಂದಿನ ಕಾರ್ಯಕ್ಷಮತೆಯನ್ನು ಅಂದಾಜಿಸುವಲ್ಲಿ ಮೊದಲ ಸ್ಥಾನದಲ್ಲಿವೆ. ಹರಟೆಯಂತೆ ನಡೆಯುವ ಸಂದರ್ಶನಕ್ಕಿಂತ ಇದರಲ್ಲಿ ಸಿದ್ಧತೆಗೆ ಬೆಲೆಯಿದೆ.

ಆರನೆಯ ವಾರ

ಎರಡನೆಯ ಅಣಕು ಸಂದರ್ಶನದಲ್ಲಿ ಸರಾಸರಿ ಉತ್ತರ 2 ನಿಮಿಷ 5 ಸೆಕೆಂಡಿಗೆ ಇಳಿದಿದೆ; "ನೀವೇನು ಮಾಡಿದಿರಿ" ಎಂಬ ಪ್ರಶ್ನೆ ಒಮ್ಮೆ ಮಾತ್ರ ಬಂದಿತು.

ಅಷ್ಟರಲ್ಲಿ ಭಿನ್ನಾಭಿಪ್ರಾಯದ ಕಥೆ ಕೈಕೊಟ್ಟಿತು. ಅದರಲ್ಲಿ ನನ್ನ ಎದುರಿಗಿದ್ದ ಹಳೆಯ ಸಹೋದ್ಯೋಗಿಗೆ ಫೋನು ಮಾಡಿ, ವಿವರಗಳು ಸರಿಯೇ ಎಂದು ವಿಚಾರಿಸಿದ್ದೆ. ನಾನು ಅಂಕಿಅಂಶಗಳನ್ನು ಮುಂದಿಟ್ಟ ಮೇಲೆ ಅವರು ಮನಸ್ಸು ಬದಲಿಸಿದರು ಎಂಬುದು ನನ್ನ ಕಥೆಯ ಜೀವಾಳ. ಅವರು ನಕ್ಕು, "ಇಲ್ಲ ಸರ್, ಅದರ ಹಿಂದಿನ ದಿನವೇ ಮುಖ್ಯಸ್ಥರು ಆ ಯೋಜನೆ ಬೇಡ ಎಂದಿದ್ದರು. ನೀವು ಇಷ್ಟು ಸಿದ್ಧವಾಗಿ ಬಂದಿದ್ದೀರಲ್ಲ ಎಂದು ಸುಮ್ಮನೆ ಕೇಳಿಸಿಕೊಂಡೆ" ಎಂದರು. ಐದು ವರ್ಷ ನಾನು ಹೇಳಿಕೊಂಡು ಬಂದಿದ್ದ ಗೆಲುವು ಅದು.

ಆ ಕಾರ್ಡಿನಿಂದ ಕೊನೆಯ ವಾಕ್ಯವನ್ನು ಅಳಿಸಿದ್ದೇನೆ. ಮೊದಲ ವಾರದ ಮೂವತ್ತೊಂದು ಸಾಲುಗಳಲ್ಲಿ ಇಪ್ಪತ್ತಾರನೆಯದು, ನಾನು ವಾದದಲ್ಲಿ ಸೋತು ಇನ್ನೊಬ್ಬರ ಮಾತಿನಂತೆ ಕೆಲಸ ಮಾಡಿದ ಒಂದು ಸಂದರ್ಭ. ಆಗ ಅದನ್ನು ಪಟ್ಟಿಯಿಂದ ಹೊಡೆದುಹಾಕಿದ್ದೆ; ಶನಿವಾರದ ಅಣಕು ಸಂದರ್ಶನಕ್ಕೆ ಅದನ್ನೇ ಸಿದ್ಧಪಡಿಸುತ್ತಿದ್ದೇನೆ.