ಒಂದು ನ್ಯಾನೊಮೀಟರ್ ಸಂದಿನಲ್ಲಿ ಬೆಳಕು ಮತ್ತು ಅಣು

ಅಡ್ಡಲಾಗಿ ಬಿಗಿದ ದಾರಕ್ಕೆ ಒಂದೇ ಉದ್ದದ ಎರಡು ಲೋಲಕಗಳನ್ನು ಕಟ್ಟಿ, ಒಂದನ್ನು ಮಾತ್ರ ತೂಗಿಬಿಟ್ಟರೆ, ಅದರ ತೂಗಾಟ ಮೆಲ್ಲಗೆ ಕುಗ್ಗುತ್ತಾ ಸುಮ್ಮನಿದ್ದ ಇನ್ನೊಂದು ತೂಗತೊಡಗುತ್ತದೆ. ಸ್ವಲ್ಪ ಹೊತ್ತಿಗೆ ಶಕ್ತಿಯೆಲ್ಲ ಮೊದಲನೆಯದಕ್ಕೇ ಮರಳುತ್ತದೆ. ಬೆಳಕಿಗೂ ಅಣುವಿಗೂ ನಡುವೆ ಇಂಥದೇ ಕೊಡುಕೊಳ್ಳುವಿಕೆ ನಡೆದಾಗ ಅದನ್ನು ಪ್ರಬಲ ಜೋಡಣೆ ಎನ್ನುತ್ತಾರೆ. ಸಾಮಾನ್ಯವಾಗಿ ಅಣು ಹೊರಬಿಟ್ಟ ಫೋಟಾನ್ ಹೋದದ್ದು ಹೋದಂತೆಯೇ. ಇಲ್ಲಿ ಮಾತ್ರ ಅದು ಸೋರಿಹೋಗುವ ಮೊದಲೇ ಅಣು ಅದನ್ನು ಮರಳಿ ಹೀರಿಕೊಳ್ಳುತ್ತದೆ.

1992ರಲ್ಲಿ ಒಂಟಿ ಪರಮಾಣುಗಳೊಂದಿಗೆ ಇದನ್ನು ಸಾಧಿಸಿದ್ದು ಬೆಳಕನ್ನು ದೀರ್ಘಕಾಲ ಹಿಡಿದಿಡುವ ಅತ್ಯುತ್ತಮ ಕನ್ನಡಿಗಳಿಂದ. ಆ ದೃಷ್ಟಿಯಿಂದ ಬೆಳಕನ್ನು ಹಿಡಿದಿಡುವ ಕುಳಿಯಾಗಿ ಲೋಹ ತೀರಾ ಕಳಪೆ: ಅದರ ಮೇಲ್ಮೈಯ ಎಲೆಕ್ಟ್ರಾನುಗಳ ಸಾಮೂಹಿಕ ತೂಗಾಟವಾದ ಪ್ಲಾಸ್ಮಾನ್ ಸುಮಾರು 10 ಫೆಮ್ಟೊಸೆಕೆಂಡಿನಲ್ಲೇ (ಒಂದು ಫೆಮ್ಟೊಸೆಕೆಂಡ್ ಎಂದರೆ ಸೆಕೆಂಡಿನ ಹತ್ತು ಕೋಟಿ ಕೋಟಿ ಪಾಲುಗಳಲ್ಲಿ ಒಂದು) ಅಳಿದುಹೋಗುತ್ತದೆ. ಆದರೆ ಜೋಡಣೆಯ ಬಲವು ಬೆಳಕನ್ನು ಅಡಕಿಸಿದ ಗಾತ್ರದ ವರ್ಗಮೂಲಕ್ಕೆ ವಿಲೋಮವಾಗಿರುವುದರಿಂದ, ಗಾತ್ರವನ್ನು ಸಾಕಷ್ಟು ಕುಗ್ಗಿಸಿದರೆ ಈ ಅಲ್ಪಾಯುಷ್ಯದ ನಷ್ಟವನ್ನು ತುಂಬಿಕೊಳ್ಳಬಹುದು.

2016ರಲ್ಲಿ ಕೇಂಬ್ರಿಜ್‌ನ ಜೆರೆಮಿ ಬೌಮ್‌ಬರ್ಗ್ ಅವರ ತಂಡ ಪ್ರಕಟಿಸಿದ ಪ್ರಯೋಗ ಈ ತರ್ಕವನ್ನು ನಿಜಮಾಡಿ ತೋರಿಸಿತು. ಚಿನ್ನದ ತೆಳುಪದರದ ಮೇಲೆ 40 ನ್ಯಾನೊಮೀಟರ್ ವ್ಯಾಸದ ಚಿನ್ನದ ಕಣ, ನಡುವೆ ಕೇವಲ 0.9 ನ್ಯಾನೊಮೀಟರ್ ಸಂದು. ಬೆಳಕು ಅಡಕಗೊಂಡ ಗಾತ್ರ 40 ಘನ ನ್ಯಾನೊಮೀಟರಿಗಿಂತಲೂ ಕಡಿಮೆ. ಆ ಸಂದನ್ನು ಕಾಯ್ದುಕೊಂಡದ್ದು ಕುಕುರ್ಬಿಟುರಿಲ್ ಎಂಬ, ಒಳಗೆ ಟೊಳ್ಳಾದ ಕುಂಬಳಕಾಯಿಯ ಆಕಾರದ ಅಣು. ಅದರ ಹೊಟ್ಟೆಯೊಳಗೆ ಮೆಥಿಲೀನ್ ಬ್ಲೂ ಎಂಬ ಬಣ್ಣದ ಅಣುವೊಂದು ನೆಟ್ಟಗೆ ನಿಲ್ಲುತ್ತದೆ. ಇಡೀ ಪ್ರಯೋಗದಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಈ ನಿಲುವೇ. ಸಂದಿನಲ್ಲಿ ವಿದ್ಯುತ್ ಕ್ಷೇತ್ರ ಮೇಲ್ಮೈಗೆ ಲಂಬವಾಗಿರುತ್ತದೆ. ಈ ಕುಂಬಳಕಾಯಿ ಪಂಜರವಿಲ್ಲದೆ ಬಣ್ಣದ ಅಣು ಚಿನ್ನದ ಮೇಲೆ ಮಲಗಿಬಿಟ್ಟರೆ ಅದರ ದ್ವಿಧ್ರುವ, ಅಂದರೆ ಅಣು ಬೆಳಕಿಗೆ ಸ್ಪಂದಿಸುವ ದಿಕ್ಕು, ಕ್ಷೇತ್ರಕ್ಕೆ ಅಡ್ಡವಾಗುತ್ತದೆ, ಜೋಡಣೆಯೂ ಏರ್ಪಡುವುದಿಲ್ಲ. ಬೆಳಕು, ಲೋಹ, ಬಣ್ಣ ಎಲ್ಲವೂ ಇದ್ದು, ಅಣು ನಿಂತಿದೆಯೋ ಮಲಗಿದೆಯೋ ಎಂಬುದೊಂದರಿಂದಲೇ ಫಲಿತಾಂಶ ಬದಲಾಗುತ್ತದೆ.

ಜೋಡಣೆ ಏರ್ಪಟ್ಟದ್ದು ಚದುರಿದ ಬೆಳಕಿನ ರೋಹಿತದಲ್ಲಿ ಕಾಣುತ್ತದೆ: ಒಂದೇ ಶೃಂಗವಿರಬೇಕಾದಲ್ಲಿ ಎರಡು. ಆದರೆ ಎರಡು ಶೃಂಗ ಕಂಡಾಕ್ಷಣ ನಂಬಬಾರದು, ಏಕೆಂದರೆ ಅಣು ತನ್ನ ಬಣ್ಣದ ಬೆಳಕನ್ನು ಬರಿದೆ ಹೀರಿಕೊಂಡರೂ ಅಗಲವಾದ ಶೃಂಗದ ನಡುವೆ ತಗ್ಗು ಬೀಳಬಹುದು. ಪ್ಲಾಸ್ಮಾನಿನ ಆವರ್ತನವನ್ನು ಅಣುವಿನದರ ಆಚೆಯಿಂದ ಈಚೆಗೆ ದಾಟಿಸುತ್ತಾ ಹೋದಾಗ, ಎರಡು ಶೃಂಗಗಳು ಹತ್ತಿರ ಬಂದರೂ ಒಂದನ್ನೊಂದು ಹಾಯದೆ ದೂರ ಸರಿದರೆ ಸಾಕ್ಷ್ಯ ಗಟ್ಟಿಯಾಗುತ್ತದೆ. ಆ ತಂಡ ಇಂಥ 50ಕ್ಕೂ ಹೆಚ್ಚು ಕುಳಿಗಳ ಅಳತೆಗಳನ್ನು ಸೇರಿಸಿ ಇದನ್ನು ತೋರಿಸಿತು.

ಸಂದಿನಲ್ಲಿ ಹತ್ತು ಬಣ್ಣದ ಅಣುಗಳಿದ್ದಾಗ ಅವರು ಕೊಟ್ಟ ರಬಿ ಆವರ್ತನ (ಶಕ್ತಿ ಎಷ್ಟು ಬೇಗ ಹೋಗಿಬರುತ್ತದೆ ಎಂಬುದರ ಅಳತೆ, ಇಲ್ಲಿ ಶಕ್ತಿಯ ಮಾನದಲ್ಲಿ) 300 ಮಿಲಿ ಎಲೆಕ್ಟ್ರಾನ್‌ವೋಲ್ಟ್, ಒಂಟಿ ಅಣುವಿಗೆ 90. ಕೋಣೆಯ ಉಷ್ಣತೆಯ ಕಲಕಾಟ ಸುಮಾರು 25 ಮಾತ್ರವಾದ್ದರಿಂದ ಶೈತ್ಯೀಕರಣ ಬೇಕಾಗಲಿಲ್ಲ. ಈ ಅಂಕಿಗಳನ್ನು ಕಾಲಕ್ಕೆ ಪರಿವರ್ತಿಸಿ ನೋಡುವುದು ನನ್ನ ಅಭ್ಯಾಸ. 300 ಎಂದರೆ ಒಂದು ಪೂರ್ಣ ಹೋಗಿಬರುವಿಕೆಗೆ ಸುಮಾರು 14 ಫೆಮ್ಟೊಸೆಕೆಂಡ್. ಶಕ್ತಿ ಅಣುವಿನಿಂದ ಪ್ಲಾಸ್ಮಾನಿಗೆ ತಲುಪಲು ಏಳು ಸಾಕು, ಪ್ಲಾಸ್ಮಾನ್ ಆಗಿನ್ನೂ ಉಳಿದಿರುತ್ತದೆ. 90 ಎಂದರೆ ಸುಮಾರು 46. ಅರ್ಧ ದಾರಿಗೇ 23 ಬೇಕು, ಅಷ್ಟರಲ್ಲಿ ಪ್ಲಾಸ್ಮಾನಿನ ಬಹುಪಾಲು ಶಕ್ತಿ ಲೋಹದಲ್ಲಿ ಕರಗಿರುತ್ತದೆ. ಹಾಗಾಗಿ ಹತ್ತು ಅಣುಗಳ ಫಲಿತಾಂಶವನ್ನು ನಾನು ನಿಸ್ಸಂಶಯವಾಗಿ ಒಪ್ಪುತ್ತೇನೆ. ಒಂಟಿ ಅಣುವಿನದನ್ನು ಹೊಸ್ತಿಲ ಮೇಲೆ ನಿಂತದ್ದೆಂದೇ ಓದುತ್ತೇನೆ.