ನೋವು ಹೋದ ಮೇಲೂ ಮುಗಿಯದ ಕೆಲಸ: ತೊಡೆಯ ದಾಖಲೆ, ಮೂರನೇ ತಿಂಗಳು

ತೊಡೆಯ ಮುಂಭಾಗದ ಸ್ನಾಯು ವ್ಯಾಯಾಮದಿಂದ ಬಲಗುಂದಿ ಮತ್ತೆ ಮೊದಲಿನಂತಾಗಲು ಎಷ್ಟು ಕಾಲ ಬೇಕು ಎಂಬುದನ್ನು ಅಳೆದು ಬರೆದಿಡುವ ಕೆಲಸ ಮೂರನೇ ತಿಂಗಳಿಗೆ ಕಾಲಿಟ್ಟಿದೆ. ಅಳತೆಗೆ ಒಳಗಾಗಿರುವವರು ಇಬ್ಬರು: ಐವತ್ತೆಂಟರ ನಾನು, ಇಪ್ಪತ್ತಾರರ ನನ್ನ ಅಣ್ಣನ ಮಗಳು. ಇಬ್ಬರ ಅಳತೆಯಿಂದ ಎಲ್ಲರಿಗೂ ಅನ್ವಯಿಸುವ ತೀರ್ಮಾನ ಹೊರಡುವುದಿಲ್ಲ. ಆದರೆ ಸಂಶೋಧನೆಗಳಲ್ಲಿ ಓದಿದ್ದು ಸ್ವಂತ ಕಾಲಿನಲ್ಲಿ ಹೇಗೆ ಕಾಣುತ್ತದೆ ಎಂದು ತಿಳಿಯಲು ಇಷ್ಟು ಸಾಕು.

ವ್ಯಾಯಾಮ ಒಂದೇ. ಮೆಟ್ಟಿಲಿನ ಅಂಚಿನಲ್ಲಿ ಒಂಟಿಕಾಲಿನ ಮೇಲೆ ನಿಂತು, ಇನ್ನೊಂದು ಕಾಲಿನ ಹಿಮ್ಮಡಿ ಕೆಳಗಿನ ಮೆಟ್ಟಿಲನ್ನು ಸೋಕುವವರೆಗೆ ನಿಧಾನವಾಗಿ ಇಳಿಯುವುದು. ಮೇಲೇರುವಾಗ ಕಂಬಿ ಹಿಡಿದು ಎರಡೂ ಕಾಲುಗಳ ನೆರವು ಪಡೆಯುವುದು. ಶ್ರಮವೆಲ್ಲ ಇಳಿಯುವುದರಲ್ಲೇ ಇರಬೇಕೆಂದು ಇದನ್ನು ಆರಿಸಿಕೊಂಡೆ. ಇಳಿಯುವಾಗ ಸ್ನಾಯು ಉದ್ದವಾಗುತ್ತಲೇ ದೇಹದ ಭಾರವನ್ನು ತಡೆಯಬೇಕಾಗುತ್ತದೆ. ಸ್ನಾಯುತಂತುವಿನ ಉದ್ದಕ್ಕೂ ಸಾಲುಗಟ್ಟಿರುವ ಸಾರ್ಕೊಮಿಯರ್‌ಗಳು, ಅಂದರೆ ಸುಮಾರು ಎರಡೂವರೆ ಮೈಕ್ರೋಮೀಟರ್ ಉದ್ದದ ಸಂಕೋಚನ ಘಟಕಗಳು, ಒಂದೇ ಸಮನಾಗಿ ಹಿಗ್ಗುವುದಿಲ್ಲ. ದುರ್ಬಲವಾದವು ಅತಿಯಾಗಿ ಹಿಗ್ಗಿ ಜೋಡಣೆ ಕಳೆದುಕೊಳ್ಳುತ್ತವೆ, ಸುತ್ತಲಿನ ಪೊರೆ ಅಲ್ಲಲ್ಲಿ ಹರಿಯುತ್ತದೆ. ಬೆಟ್ಟ ಹತ್ತಿದವರಿಗೆ ಹತ್ತಿದ್ದಕ್ಕಿಂತ ಇಳಿದದ್ದರಿಂದಲೇ ಮರುದಿನ ತೊಡೆ ಹಿಡಿದುಕೊಳ್ಳುವುದು ಇದೇ ಕಾರಣಕ್ಕೆ.

ಅಳೆಯುವ ಸಾಧನ ಸರಳ. ಪಾದ ನೆಲಕ್ಕೆ ತಾಗದಷ್ಟು ಎತ್ತರದ ಮೇಜಿನ ಮೇಲೆ ಕುಳಿತು, ಕಣಕಾಲಿಗೆ ಅಗಲವಾದ ಪಟ್ಟಿ ಸುತ್ತಿ, ಅದನ್ನು ಸೂಟ್‌ಕೇಸ್ ತೂಗುವ ಸಣ್ಣ ಡಿಜಿಟಲ್ ತಕ್ಕಡಿಗೆ ಸಿಕ್ಕಿಸಿದ್ದೇನೆ. ತಕ್ಕಡಿಯ ಇನ್ನೊಂದು ತುದಿ ಹಿಂದೆ ಮೇಜಿನ ಕಾಲಿಗೆ ಬಿಗಿದಿದೆ. ಮಂಡಿ ಲಂಬಕೋನದಲ್ಲಿರುವಾಗ ಕಾಲನ್ನು ಮುಂದಕ್ಕೆ ಒತ್ತಬೇಕು. ಹಗ್ಗ ಬಿಗಿಯಾಗಿ ಅಂಕಿ ಏರುತ್ತದೆ, ಒಂದೆರಡು ಕ್ಷಣ ತಡವರಿಸುತ್ತದೆ, ಒಂದು ಕಡೆ ನಿಲ್ಲುತ್ತದೆ. ನಿಂತ ಅಂಕಿಯನ್ನು ಬರೆದುಕೊಳ್ಳುತ್ತೇನೆ. ಪಕ್ಕದಲ್ಲೇ ಆ ದಿನದ ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಒಂದು ಅಂಕ ಕೊಡುತ್ತೇನೆ. ಈ ಎರಡು ಸಾಲುಗಳನ್ನು ಪಕ್ಕಪಕ್ಕದಲ್ಲಿ ಬರೆಯದೇ ಇದ್ದಿದ್ದರೆ ಈ ದಾಖಲೆಯಿಂದ ಹೇಳಿಕೊಳ್ಳುವಂಥದ್ದೇನೂ ಹೊರಡುತ್ತಿರಲಿಲ್ಲ.

ಮೊದಲ ವಾರ

ಇಳಿತ ಮುಗಿಸಿದ ತಕ್ಷಣ ಇಬ್ಬರ ಅಂಕಿಯೂ ಸುಮಾರು ಐದನೇ ಒಂದು ಭಾಗ ಕುಸಿಯಿತು. ಆಗ ನೋವು ಸೊನ್ನೆ. ಮರುದಿನ ಸಂಜೆಯಿಂದ ನೋವು ಏರತೊಡಗಿ, ಎರಡನೇ ದಿನ ಮೆಟ್ಟಿಲು ಇಳಿಯುವಾಗ ಮಂಡಿಯ ಮೇಲ್ಭಾಗ ಬಿಗಿದು ಹಿಡಿದುಕೊಂಡಿತು. ಬಲ ಕುಸಿದದ್ದು ಮೊದಲು, ನೋವು ಬಂದದ್ದು ಆಮೇಲೆ. ಎರಡೂ ಒಂದೇ ಸಂಗತಿಯಲ್ಲ ಎಂಬ ಸುಳಿವು ಮೊದಲ ವಾರದಲ್ಲೇ ಸಿಕ್ಕಿತು.

ಈ ತಡವಾದ ನೋವಿಗೆ ಲ್ಯಾಕ್ಟಿಕ್ ಆಮ್ಲ ಕಾರಣ ಎಂಬ ಮಾತು ಇನ್ನೂ ಜನರ ಬಾಯಲ್ಲಿದೆ. ವ್ಯಾಯಾಮದಲ್ಲಿ ಹೆಚ್ಚಿದ ಲ್ಯಾಕ್ಟೇಟ್, ಅಂದರೆ ಈ ಆಮ್ಲ ದೇಹದಲ್ಲಿರುವ ರೂಪ, ಒಂದೆರಡು ಗಂಟೆಗಳೊಳಗೆ ಮೊದಲಿನ ಮಟ್ಟಕ್ಕೆ ಇಳಿಯುತ್ತದೆ. ಒಂದೆರಡು ದಿನ ಬಿಟ್ಟು ಬರುವ ನೋವನ್ನು ಅದರ ತಲೆಗೆ ಕಟ್ಟಲು ಬರುವುದಿಲ್ಲ. ಅಮೆರಿಕದ ಶರೀರವಿಜ್ಞಾನಿ ಥಿಯೊಡೋರ್ ಹಫ್ 1902ರಲ್ಲೇ ಈ ನೋವನ್ನು ಪರೀಕ್ಷಿಸಿ, ಸ್ನಾಯುವಿನೊಳಗಿನ ಸೀಳುಗಳ ಕಡೆಗೆ ಬೆರಳು ಮಾಡಿದ್ದರು.

ಒಳಗೆ ನಡೆಯುವುದು

ಈ ಭಾಗವನ್ನು ಓದುತ್ತಾ ನಾನು ಅತಿ ಹೆಚ್ಚು ಹೊತ್ತು ಕಳೆದಿದ್ದೇನೆ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಪೊರೆ ಹರಿದ ಜಾಗದಿಂದ ಕ್ಯಾಲ್ಸಿಯಂ ಒಳನುಗ್ಗುತ್ತದೆ. ಅದೇ ದುರಸ್ತಿಗೆ ಮೊದಲ ಕರೆ. ಡಿಸ್‌ಫರ್ಲಿನ್ ಮೊದಲಾದ ಪ್ರೋಟೀನ್‌ಗಳ ನೆರವಿನಿಂದ ಕೋಶಿಕೆಗಳೆಂಬ ಸಣ್ಣ ಪೊರೆಚೀಲಗಳು ಬಂದು ಬೆಸೆದುಕೊಂಡು ಹರಿದ ಜಾಗವನ್ನು ಮುಚ್ಚುತ್ತವೆ. ಡಿಸ್‌ಫರ್ಲಿನ್ ಇಲ್ಲದೆ ಹುಟ್ಟಿದವರಲ್ಲಿ ಸ್ನಾಯುಗಳು ವರ್ಷಗಳುದ್ದಕ್ಕೂ ಕ್ಷಯಿಸುತ್ತಾ ಹೋಗುತ್ತವೆ.

ಮುಂದಿನದು ನನಗೆ ಬಹಳ ಪ್ರಿಯವಾದ ಸಂಗತಿ. ಸ್ನಾಯುತಂತು ಸಾಮಾನ್ಯ ಜೀವಕೋಶದಂತಲ್ಲ. ಉದ್ದನೆಯ ಒಂದೇ ಕೋಶದೊಳಗೆ ನೂರಾರು ಕೋಶಕೇಂದ್ರಗಳಿರುತ್ತವೆ, ಸಾಮಾನ್ಯವಾಗಿ ಅಂಚಿಗೆ ಒತ್ತಿಕೊಂಡಿರುತ್ತವೆ. ಸ್ಪೇನ್ ಮತ್ತು ಪೋರ್ಚುಗಲ್‌ನ ಸಂಶೋಧಕರು 2021ರಲ್ಲಿ ತೋರಿಸಿದಂತೆ, ತಂತುವಿನಲ್ಲಿ ಸಣ್ಣ ಗಾಯವಾದಾಗ ಹತ್ತಿರದ ಕೋಶಕೇಂದ್ರಗಳು ಕೆಲವೇ ಗಂಟೆಗಳಲ್ಲಿ ಗಾಯದ ಕಡೆಗೆ ಸರಿಯುತ್ತವೆ. ಸರಿದು, ಅಲ್ಲಿಯೇ ಪ್ರೋಟೀನ್ ತಯಾರಿಗೆ ಬೇಕಾದ ಸೂಚನೆ ಹೊತ್ತ ಸಂದೇಶ ಆರ್‌ಎನ್‌ಎ ಒದಗಿಸುತ್ತವೆ. ಹೊರಗಿನ ಯಾವ ಕೋಶದ ನೆರವೂ ಇಲ್ಲದೆ ತಂತು ತನ್ನನ್ನು ತಾನೇ ಸರಿಪಡಿಸಿಕೊಳ್ಳುವ ಈ ವಿಧಾನ ಇಲಿಗಳ ಸ್ನಾಯುವಿನಲ್ಲೂ ಮನುಷ್ಯರ ಸ್ನಾಯುವಿನಲ್ಲೂ ಕಂಡಿದೆ. ಮೆಟ್ಟಿಲು ಇಳಿದ ಸಂಜೆ ಸುಮ್ಮನೆ ಕುಳಿತಿರುವಾಗ ತೊಡೆಯೊಳಗೆ ಇಂಥ ಓಡಾಟ ನಡೆಯುತ್ತಿದೆ ಎಂದು ಗೊತ್ತಾದ ಮೇಲೆ ವಿಶ್ರಾಂತಿಯ ದಿನಗಳ ಬಗ್ಗೆ ನನಗಿದ್ದ ಅಸಹನೆ ಪೂರ್ತಿ ಹೋಯಿತು.

ಹಾನಿ ಇದಕ್ಕೂ ದೊಡ್ಡದಾದರೆ ಸ್ಯಾಟಲೈಟ್ ಕೋಶಗಳು, ಅಂದರೆ ಸ್ನಾಯುವಿನ ಕಾಂಡಕೋಶಗಳು, ಬೇಕು. ವಿಜ್ಞಾನಿ ಅಲೆಕ್ಸಾಂಡರ್ ಮೌರೊ 1961ರಲ್ಲಿ ಕಪ್ಪೆಯ ಸ್ನಾಯುವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುವಾಗ ತಂತುವಿನ ಪೊರೆಗೂ ಅದರ ಹೊರ ಹೊದಿಕೆಗೂ ನಡುವೆ ಇವುಗಳನ್ನು ಗುರುತಿಸಿದರು. ಬಹುಪಾಲು ಕಾಲ ಇವು ನಿದ್ರಾವಸ್ಥೆಯಲ್ಲಿರುತ್ತವೆ. ಗಾಯವಾದಾಗ ಮೊದಲು ನ್ಯೂಟ್ರೊಫಿಲ್‌ಗಳೆಂಬ ಬಿಳಿ ರಕ್ತಕಣಗಳು, ಹಿಂದೆಯೇ ಮ್ಯಾಕ್ರೋಫೇಜ್‌ಗಳೆಂಬ ದೊಡ್ಡ ಭಕ್ಷಕ ಕೋಶಗಳು ಬಂದು ಹಾಳಾದದ್ದನ್ನು ತೆರವುಗೊಳಿಸುತ್ತವೆ. ಸ್ಯಾಟಲೈಟ್ ಕೋಶಗಳು ಎಚ್ಚೆತ್ತು, ವಿಭಜನೆಯಾಗಿ, ಕೆಲವು ತಂತುವಿನೊಳಗೆ ಬೆಸೆದುಕೊಂಡು ತಮ್ಮ ಕೋಶಕೇಂದ್ರವನ್ನು ಅದಕ್ಕೆ ಸೇರಿಸುತ್ತವೆ. ಇನ್ನು ಕೆಲವು ಮುಂದಿನ ಸಲಕ್ಕೆಂದು ಮತ್ತೆ ನಿದ್ರೆಗೆ ಮರಳುತ್ತವೆ. ತೆರವಿನ ಕೆಲಸ ಮುಗಿಸಿದ ಮ್ಯಾಕ್ರೋಫೇಜ್‌ಗಳು ಉರಿಯೂತ ಹೆಚ್ಚಿಸುವ ಗುಣ ಬಿಟ್ಟು ಕಟ್ಟುವ ಕೆಲಸಕ್ಕೆ ಒತ್ತಾಸೆಯಾಗುತ್ತವೆ. ಈ ಬದಲಾವಣೆ ಸರಿಯಾದ ಹೊತ್ತಿಗೆ ಆಗುವುದು ಬಹಳ ಮುಖ್ಯ.

ಮೊದಲ ತಿಂಗಳ ಕೊನೆ

ಅದೇ ಮೆಟ್ಟಿಲು, ಅಷ್ಟೇ ಇಳಿತ, ಆದರೆ ಬಲದ ಕುಸಿತವೂ ನೋವೂ ಇಬ್ಬರಲ್ಲೂ ಬಹಳ ಕಡಿಮೆಯಾದವು. ಒಮ್ಮೆ ಇಂಥ ಶ್ರಮ ಕಂಡ ಸ್ನಾಯು ವಾರಗಟ್ಟಲೆ ಕಾಲ ಅದೇ ಶ್ರಮದಿಂದ ಅಷ್ಟಾಗಿ ಘಾಸಿಗೊಳ್ಳುವುದಿಲ್ಲ ಎಂಬುದು ಚೆನ್ನಾಗಿ ದಾಖಲಾದ ವಿಷಯ. ಆದ್ದರಿಂದ ಕೈಯಲ್ಲಿ ಭಾರ ಹಿಡಿದು ಇಳಿಯಲು ಆರಂಭಿಸಿದೆವು.

ನಮ್ಮಿಬ್ಬರ ದಾರಿ ಬೇರೆಯಾದದ್ದು ಇಲ್ಲಿಂದ. ಅವಳ ಬಲ ಪೂರ್ತಿ ಮರಳಿದ ದಿನವೂ ಅವಳ ಪುಸ್ತಕದಲ್ಲಿ ನೋವಿನ ಅಂಕ ಉಳಿದಿರುತ್ತದೆ. ನನ್ನದು ಉಲ್ಟಾ. ನೋವು ಸೊನ್ನೆಗೆ ಬಂದ ದಿನ ನನ್ನ ತಕ್ಕಡಿ ಮೊದಲಿನ 38ರ ಬದಲು 34 ಕಿಲೋದಲ್ಲಿ ನಿಲ್ಲುತ್ತದೆ. "ಚಿಕ್ಕಪ್ಪ, ನೋವೇ ಇಲ್ಲ ಎಂದ ಮೇಲೆ ಇನ್ನೇನು ಕಾಯುವುದು?" ಎಂದು ಅವಳು ಕೇಳಿದಾಗ ತಕ್ಕಡಿಯ ಸಾಲನ್ನು ತೋರಿಸಿದೆ. ಆ ನಾಲ್ಕು ಕಿಲೋ ಮರಳಿದ ಮೇಲೆಯೇ ನನ್ನ ಮುಂದಿನ ಇಳಿತ. ಈ ಇಡೀ ದಾಖಲೆಯಿಂದ ನಾನು ಕೈಗೊಂಡ ಒಂದೇ ನಿಯಮ ಇದು: ದಿನಗಳನ್ನು ಎಣಿಸುವುದಿಲ್ಲ, ನೋವನ್ನು ಕೇಳುವುದಿಲ್ಲ, ಬಲ ಮರಳುವವರೆಗೆ ಕಾಯುತ್ತೇನೆ.

ವಯಸ್ಸು ಎಲ್ಲಿ ಅಡ್ಡ ಬರುತ್ತದೆ ಎಂಬುದಕ್ಕೆ ಉತ್ತರ ಒಂದಲ್ಲ. ವೇಗವಾಗಿ ಸಂಕುಚಿಸುವ ಎರಡನೇ ಬಗೆಯ ತಂತುಗಳು ವಯಸ್ಸಾದಂತೆ ಹೆಚ್ಚು ಸಣ್ಣಗಾಗುತ್ತವೆ, ಸ್ಯಾಟಲೈಟ್ ಕೋಶಗಳು ಕಡಿಮೆಯಾಗುವುದೂ ಮುಖ್ಯವಾಗಿ ಅವುಗಳ ಸುತ್ತಲೇ. ಬೆನ್ನುಹುರಿಯಿಂದ ಬರುವ ಚಾಲಕ ನರಕೋಶಗಳು ಒಂದೊಂದಾಗಿ ಸಾಯುತ್ತವೆ. ಅನಾಥವಾದ ತಂತುಗಳಲ್ಲಿ ಕೆಲವನ್ನು ನೆರೆಯ ನರ ತನ್ನದಾಗಿಸಿಕೊಳ್ಳುತ್ತದೆ, ಉಳಿದವು ಕ್ಷಯಿಸುತ್ತವೆ. ಅದೇ ಪ್ರಮಾಣದ ಪ್ರೋಟೀನ್ ಒಳಗೆ ಹೋದರೂ ಸ್ನಾಯು ಕಟ್ಟುವ ವೇಗ ಯೌವನದಷ್ಟು ಏರುವುದಿಲ್ಲ. ಒಂದು ಹೊತ್ತಿನ ಊಟದಲ್ಲಿ ಯುವಕರಿಗೆ ದೇಹತೂಕದ ಪ್ರತಿ ಕಿಲೋಗೆ ಸುಮಾರು 0.24 ಗ್ರಾಂ ಪ್ರೋಟೀನ್ ಸಾಕಾದರೆ, ಹಿರಿಯರಿಗೆ 0.4 ಗ್ರಾಂ ಹತ್ತಿರ ಬೇಕು ಎಂಬ ಅಂದಾಜು 2015ರಲ್ಲಿ ಪ್ರಕಟವಾಯಿತು. ದಿನದ ಪ್ರೋಟೀನನ್ನು ಒಂದೇ ಹೊತ್ತಿಗೆ ಗುಡ್ಡೆ ಹಾಕದೆ ಎಲ್ಲ ಊಟಗಳಿಗೂ ಹಂಚಿಕೊಳ್ಳುವ ಅಭ್ಯಾಸ ನನಗೆ ಅಂದಿನಿಂದ ಬಂದಿದೆ.

ಆದರೆ ಮುದಿ ಸ್ನಾಯುವಿನ ಸಾಮರ್ಥ್ಯ ಬತ್ತಿಹೋಗಿದೆ ಎಂದು ಭಾವಿಸುವುದು ತಪ್ಪು. 2005ರಲ್ಲಿ ಐರಿನಾ ಕಾನ್‌ಬಾಯ್, ಥಾಮಸ್ ರ‍್ಯಾಂಡೊ ಮತ್ತು ಸಂಗಡಿಗರು ಮುದಿ ಇಲಿಯ ಹಾಗೂ ಎಳೆಯ ಇಲಿಯ ರಕ್ತಪರಿಚಲನೆಯನ್ನು ಜೋಡಿಸಿದರು. ಮುದಿ ಇಲಿಯ ಗಾಯಗೊಂಡ ಸ್ನಾಯು ಮೊದಲಿಗಿಂತ ಚೆನ್ನಾಗಿ ದುರಸ್ತಿಯಾಯಿತು, ಅದೂ ಹೆಚ್ಚಾಗಿ ಅದರದೇ ಕೋಶಗಳಿಂದ. ಅಂದರೆ ಕೋಶಗಳಲ್ಲಿ ಶಕ್ತಿ ಇತ್ತು, ಅವನ್ನು ಎಚ್ಚರಿಸುವ ಪರಿಸರ ಬದಲಾಗಿತ್ತು. ಮನುಷ್ಯರ ವಿಷಯದಲ್ಲಿ ನನಗೆ ಅತಿ ಹೆಚ್ಚು ಧೈರ್ಯ ಕೊಟ್ಟದ್ದು 1990ರ ಒಂದು ಪ್ರಯೋಗ. ಮರಿಯಾ ಫಿಯಾಟರೋನ್ ತಂಡ ವೃದ್ಧಾಶ್ರಮವೊಂದರ 86ರಿಂದ 96 ವರ್ಷದ ಹತ್ತು ಮಂದಿಗೆ ಎಂಟು ವಾರ ಭಾರದ ವ್ಯಾಯಾಮ ಮಾಡಿಸಿತು. ಕೊನೆಯವರೆಗೆ ಉಳಿದವರ ಕಾಲಿನ ಬಲ ಸರಾಸರಿ 174 ಶೇಕಡಾ ಹೆಚ್ಚಿತು. ಅಷ್ಟು ಅಲ್ಪ ಅವಧಿಯ ಲಾಭದಲ್ಲಿ ನರಗಳ ಪಾಲು ದೊಡ್ಡದು, ಸ್ನಾಯುವಿನ ಗಾತ್ರ ಹೆಚ್ಚಿದ್ದು ತೀರಾ ಕಡಿಮೆ. ಆದರೂ ತೊಂಬತ್ತರ ಕಾಲು ಹೀಗೆ ಸ್ಪಂದಿಸುವಾಗ ಐವತ್ತೆಂಟಕ್ಕೆ ಕೈಚೆಲ್ಲಲು ಯಾವ ನೆಪವೂ ಉಳಿಯುವುದಿಲ್ಲ.

ಮಾತ್ರೆಯ ಪ್ರಶ್ನೆ

ನೋವು ನಿವಾರಕ ನುಂಗಿ ಇಳಿಯಬಹುದಲ್ಲ ಎಂದು ಓದುಗರೊಬ್ಬರು ಕೇಳಿದ್ದರು. 2018ರ ಸ್ವೀಡನ್ ಅಧ್ಯಯನದಲ್ಲಿ ದಿನಕ್ಕೆ 1200 ಮಿಲಿಗ್ರಾಂ ಐಬುಪ್ರೊಫೆನ್ ತೆಗೆದುಕೊಂಡ ಯುವಜನರ ತೊಡೆ ಎಂಟು ವಾರಗಳಲ್ಲಿ ಬೆಳೆದದ್ದು ಹೋಲಿಕೆಯ ಗುಂಪಿನ ಅರ್ಧದಷ್ಟು ಮಾತ್ರ. ಹಿರಿಯರ ಮೇಲಿನ 2011ರ ಅಧ್ಯಯನದಲ್ಲಿ ಅಷ್ಟೇ ಮಾತ್ರೆ ಬೆಳವಣಿಗೆಯನ್ನು ಹೆಚ್ಚಿಸಿತು. ಯುವಕರಲ್ಲಿ ದುರಸ್ತಿಗೆ ಕರೆ ಕೊಡುವ ಉರಿಯೂತ, ಹಿರಿಯರಲ್ಲಿ ಸದಾ ಸಣ್ಣಗೆ ಹೊಗೆಯಾಡುತ್ತಾ ಅಡ್ಡಿಯಾಗುತ್ತಿರಬಹುದು ಎಂಬುದು ಈ ವಿರೋಧಕ್ಕೆ ಕೊಡುವ ಒಂದು ವಿವರಣೆ. ಹಾಗೆಂದು ತಿಂಗಳುಗಟ್ಟಲೆ ಮಾತ್ರೆ ನುಂಗಿದರೆ ಹೊಟ್ಟೆಗೂ ಮೂತ್ರಪಿಂಡಕ್ಕೂ ಅಪಾಯವಿದೆ. ನಾವಿಬ್ಬರೂ ತೆಗೆದುಕೊಳ್ಳುತ್ತಿಲ್ಲ. ವ್ಯಾಯಾಮದ ಬೆನ್ನಿಗೇ ತಣ್ಣೀರಿನಲ್ಲಿ ಮುಳುಗಿ ಕೂರುವುದನ್ನೂ ಬಿಟ್ಟಿದ್ದೇವೆ, ಏಕೆಂದರೆ ಅದು ದೀರ್ಘಾವಧಿಯ ಬೆಳವಣಿಗೆಯನ್ನು ತಗ್ಗಿಸುತ್ತದೆ ಎಂದು 2015ರ ಪ್ರಯೋಗವೊಂದು ತೋರಿಸಿದೆ.

ಈಗಿನ ಸ್ಥಿತಿ

ನನ್ನ ಬಲಗಾಲಿನ ಅಂಕಿ 38ರಿಂದ 43ಕ್ಕೆ ಏರಿದೆ, ಎಡಗಾಲು ಎರಡು ಕಿಲೋ ಹಿಂದಿದೆ. ಬಲ ಮರಳಲು ಹಿಡಿಯುವ ಕಾಲವೂ ಕುಗ್ಗುತ್ತಿದೆ, ಅಂಕಿಗಿಂತ ನನಗೆ ಸಂತೋಷ ಕೊಟ್ಟಿರುವುದು ಅದೇ. ಮುಂದಿನ ಹಂತದಲ್ಲಿ ಎಡಗಾಲಿಗೆ ಮಾತ್ರ ಕೆಲವು ವಾರ ಬಿಡುವು ಕೊಟ್ಟು, ಮೊದಲಿನದೇ ಭಾರದೊಂದಿಗೆ ಮತ್ತೆ ಇಳಿಸುತ್ತೇವೆ. ಒಮ್ಮೆ ಗಳಿಸಿದ ರಕ್ಷಣೆ ಯಾರ ಕಾಲಿನಲ್ಲಿ ಹೆಚ್ಚು ಕಾಲ ಉಳಿಯುತ್ತದೆ ಎಂಬುದು ಪ್ರಶ್ನೆ. ತನ್ನದರಲ್ಲೇ ಎಂದು ಅಣ್ಣನ ಮಗಳು ಪುಸ್ತಕದ ಅಂಚಿನಲ್ಲಿ ಈಗಲೇ ಬರೆದಿಟ್ಟಿದ್ದಾಳೆ, ನಾನು ಅದರ ಕೆಳಗೆ ನನ್ನ ಹೆಸರು ಬರೆದಿದ್ದೇನೆ.