ಕೈಗೆ ಸಿಗದ ಗಂಡು ಬೆಕ್ಕಿನ ಕೆನ್ನೆಬಾವು: ಆರೈಕೆ ಎಲ್ಲಿಗೆ ಬಂತು

ಹಿಡಿಯುವಾಗ

ಎಡಗೆನ್ನೆ ಊದಿ ಕಣ್ಣು ಅರ್ಧ ಮುಚ್ಚಿತ್ತು. ಗಂಡು ಬೆಕ್ಕುಗಳ ಕಾದಾಟದಲ್ಲಿ ಏಟು ಬೀಳುವುದು ಕೆನ್ನೆ, ಮುಂಗಾಲು, ಬಾಲದ ಬುಡಕ್ಕೇ ಹೆಚ್ಚು. ಕೋರೆಹಲ್ಲಿನ ತೂತು ಸಣ್ಣದು, ಬೇಗ ಮುಚ್ಚಿಕೊಳ್ಳುತ್ತದೆ. ಹಲ್ಲಿನ ಜೊತೆ ಒಳಹೊಕ್ಕ ಪಾಸ್ಚುರೆಲ್ಲಾದಂಥ ಬ್ಯಾಕ್ಟೀರಿಯಾ ಅಲ್ಲೇ ಬೆಳೆದು ಕೀವು ಕಟ್ಟುತ್ತದೆ.

ಬೋನಿನ ತಳಕ್ಕೆ ಪತ್ರಿಕೆ ಹಾಸಿ, ಒಳತುದಿಯಲ್ಲಿ ಉಪ್ಪುಖಾರವಿಲ್ಲದೆ ಬೇಯಿಸಿದ ಬೂತಾಯಿ ಇಟ್ಟದ್ದಾಯಿತು. ಮುಂದೆ ಅರಿವಳಿಕೆ ಕೊಡುವುದಿರುತ್ತದೆ, ಹಾಗಾಗಿ ಮೀನು ಒಂದು ಚಮಚೆಯಷ್ಟೇ ಸಾಕು. ಬಾಗಿಲು ಬಿದ್ದ ಕೂಡಲೇ ಇಡೀ ಬೋನಿಗೆ ದಪ್ಪ ಬಟ್ಟೆ ಹೊದಿಸಬೇಕು. ಬೆಳಕಿದ್ದರೆ ಬೆಕ್ಕು ತಂತಿಗೆ ಮೂತಿ ಗುದ್ದಿಕೊಂಡು ಹೊಸ ಗಾಯ ಮಾಡಿಕೊಳ್ಳುತ್ತದೆ. ಕಚ್ಚಿದರೂ ಪರಚಿದರೂ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ರೇಬೀಸ್ ಲಸಿಕೆಗೆ ಆಸ್ಪತ್ರೆಗೆ ಹೋಗಬೇಕು.

ಕೀವು ತೆಗೆಸಿದ ಮೇಲೆ

ಪಶುವೈದ್ಯರು ಬಾವಿನ ಕೆಳಭಾಗದಲ್ಲಿ ಕೊಯ್ದು ಕೀವು ತೆಗೆದರು, ಹೊಲಿಗೆ ಹಾಕಲಿಲ್ಲ. ತೆರೆದ ಗಾಯ ನೋಡಿ ಗಾಬರಿಯಾಗಬಾರದು. ಅದು ತಳದಿಂದ ತುಂಬಿಕೊಂಡು ಬರಬೇಕು. ಮೇಲಿನ ಚರ್ಮ ಮೊದಲೇ ಕೂಡಿಕೊಂಡರೆ ಒಳಗೆ ಮತ್ತೆ ಕೀವು ತುಂಬುತ್ತದೆ. ಈ ಆರೈಕೆಯ ಮುಖ್ಯ ಕೆಲಸವೇ ಗಾಯದ ಬಾಯಿ ಬೇಗ ಮುಚ್ಚದಂತೆ ಕಾಯುವುದು.

ಅದಕ್ಕೆ ದಿನಕ್ಕೆ ಎರಡು ಸಲ ತೊಳೆಯುತ್ತೇವೆ. ಕುದಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ ಒಂದು ಮಟ್ಟಸ ಟೀಚಮಚೆ ಉಪ್ಪು. ಬೆಕ್ಕನ್ನು ದಪ್ಪ ಟವೆಲಿನಲ್ಲಿ ಬಿಗಿಯಾಗಿ ಸುತ್ತಿ, ತಲೆ ಮಾತ್ರ ಹೊರಗಿರಬೇಕು. ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಅದ್ದಿದ ಬಟ್ಟೆಯನ್ನು ಐದು ನಿಮಿಷ ಒತ್ತಿ ಹಿಡಿದರೆ ಹಕ್ಕಳೆ ಮೆತ್ತಗಾಗುತ್ತದೆ. ಆಮೇಲೆ ಸೂಜಿ ತೆಗೆದ 10 ಮಿ.ಲೀ. ಸಿರಿಂಜಿನಿಂದ ಹಾಯಿಸುವುದು. ಟವೆಲಿಗೂ ಜಗ್ಗದ ಬೆಕ್ಕಾದರೆ ಹಟ ಬೇಡ, ವೈದ್ಯರಲ್ಲಿ ಹೇಳಿ ಡ್ರೈನ್ (ಕೀವು ಹೊರಹರಿಯಲು ಗಾಯದಲ್ಲಿ ಇಡುವ ಸಣ್ಣ ಕೊಳವೆ) ಹಾಕಿಸುವುದೇ ಒಳ್ಳೆಯದು.

ಹೈಡ್ರೋಜನ್ ಪೆರಾಕ್ಸೈಡ್ ಹೊಸ ಮಾಂಸವನ್ನೇ ಸುಡುತ್ತದೆ. ಡೆಟಾಲ್, ಟರ್ಪೆಂಟೈನ್ ಹಚ್ಚಿದರೆ ಬೆಕ್ಕು ನೆಕ್ಕಿಕೊಂಡು ವಿಷವಾಗುತ್ತದೆ. ಪ್ಯಾರಾಸಿಟಮಾಲ್ ಅಂತೂ ಒಂದೇ ಮಾತ್ರೆಗೆ ಪ್ರಾಣ ತೆಗೆಯಬಲ್ಲದು, ಅದನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗಿಲ್ಲ.

ಗೂಡಿನೊಳಗೆ

ಮೂರು ಅಡಿ ಉದ್ದದ ನಾಯಿಗೂಡು, ಒಂದು ಮೂಲೆಯಲ್ಲಿ ಅಡಗಲು ರಟ್ಟಿನ ಪೆಟ್ಟಿಗೆ. ಮಲಮೂತ್ರದ ತಟ್ಟೆಗೆ ಮರಳು ಹಾಕಿಲ್ಲ, ಗಾಯಕ್ಕೆ ಅಂಟುತ್ತದೆ. ಹರಿದ ಪತ್ರಿಕೆ ಸಾಕು. ಆ್ಯಂಟಿಬಯಾಟಿಕ್ ಅನ್ನು ಹಸಿದಿದ್ದಾಗ ಒಂದೇ ತುತ್ತು ಮೀನಿನಲ್ಲಿ ಕೊಟ್ಟು, ಅದು ಹೊಟ್ಟೆಗೆ ಹೋದದ್ದು ಖಚಿತವಾದ ಮೇಲೆ ಉಳಿದ ಊಟ. ಪೂರ್ತಿ ಊಟಕ್ಕೆ ಕಲಸಿದರೆ ಕಹಿಗೆ ಎಲ್ಲವನ್ನೂ ಬಿಟ್ಟುಬಿಡುತ್ತದೆ. ಎರಡು ದಿನ ಏನೂ ತಿನ್ನದಿದ್ದರೆ ಯಕೃತ್ತಿನಲ್ಲಿ ಕೊಬ್ಬು ಶೇಖರವಾಗುವ ಅಪಾಯವಿದೆ, ಕಾಯದೆ ವೈದ್ಯರಿಗೆ ತಿಳಿಸಬೇಕು.

ಈಗ

ಊತ ಇಳಿದಿದೆ, ಕಣ್ಣು ಪೂರ್ತಿ ತೆರೆಯುತ್ತಿದೆ. ಗಾಯದ ತಳದಲ್ಲಿ ಕೆಂಪಗೆ, ಒದ್ದೆಯಾಗಿ, ಹರಳುಹರಳಾಗಿ ಮಾಂಸ ಏಳುತ್ತಿದೆ. ಅದೇ ಬೇಕಾದದ್ದು, ಕೆರೆದು ತೆಗೆಯಬಾರದು. ಕೆಟ್ಟ ವಾಸನೆ ಬಂದರೆ ಅಥವಾ ಮತ್ತೆ ಊದಿದರೆ ಮರಳಿ ಆಸ್ಪತ್ರೆಗೆ. ಮಳೆಗಾಲವಾದ್ದರಿಂದ ಗೂಡಿಗೆ ಸೊಳ್ಳೆಪರದೆ ಕಟ್ಟಿದೆ. ನೊಣ ಮೊಟ್ಟೆಯಿಟ್ಟರೆ ಒಂದೇ ದಿನದಲ್ಲಿ ಹುಳ ಬೀಳುತ್ತದೆ.

ಚರ್ಮ ಪೂರ್ತಿ ಕೂಡಿದ ಮೇಲೆ ಸಂತಾನಹರಣ ಚಿಕಿತ್ಸೆ, ಜೊತೆಗೇ ಗುರುತಿಗೆ ಕಿವಿಯ ತುದಿ ಕತ್ತರಿಸುವುದು. ಹಾಗೇ ಬಿಟ್ಟರೆ ಮತ್ತೆ ಜಗಳ, ಮತ್ತೆ ಬಾವು. ಬೆಕ್ಕಿನ ರೋಗನಿರೋಧಕ ಶಕ್ತಿ ಕುಂದಿಸುವ ಎಫ್‌ಐವಿ ವೈರಸ್ ಹರಡುವುದೂ ಮುಖ್ಯವಾಗಿ ಕಡಿತದಿಂದಲೇ. ಆ ಪರೀಕ್ಷೆಯನ್ನು ಕಚ್ಚಿಸಿಕೊಂಡು ಎರಡು ತಿಂಗಳಾದ ಮೇಲೆ ಮಾಡಿಸಬೇಕು, ಅದಕ್ಕೂ ಮೊದಲು ಬಂದ ನೆಗೆಟಿವ್ ಫಲಿತಾಂಶವನ್ನು ನಂಬುವಂತಿಲ್ಲ.